ನೋವಿನ ಔಷಧಗಳ ಗುಣದೋಷ ವಿವೇಚನೆ: ಒಂದು ಚಾರಿತ್ರಿಕ ಸಮೀಕ್ಷೆ

ಔಷಧವು ಗುಣವನ್ನು ಮಾತ್ರ ಮಾಡಬೇಕು, ದೋಷವನ್ನು ಮಾಡಕೂಡದು ಎಂಬುದು ರೋಗಿಯ ಸಹಜವಾದ ಅಪೇಕ್ಷೆ. ವೈದ್ಯಶಾಸ್ತ್ರವು ಈ ಅಪೇಕ್ಷೆಯನ್ನು ಪೂರ್ಣವಾಗಿ ನಡಸಿಕೊಟ್ಟ ಸಂದರ್ಭಗಳು ಬಹು ವಿರಳ. ದೇಹದ ಒಂದು ವ್ಯಾಪಾರವನ್ನು ಬದಲಾಯಿಸುವಷ್ಟು ಬಲವುಳ್ಳ ವಸ್ತುವು ಮತ್ತೊಂದು ವ್ಯಾಪಾರವನ್ನು ಕೆಡಿಸುವಷ್ಟು ಬಲವನ್ನೂ ಸಾಮಾನ್ಯವಾಗಿ ಪಡೆದಿರುತ್ತದೆ. ಆದುದರಿಂದ ಔಷಧವನ್ನು ಕೊಡುವವನೂ ಕೊಳ್ಳುವವನೂ ಲಾಭವನ್ನು ಒಂದು ತಟ್ಟೆಯಲ್ಲಿಯೂ ಹಾನಿಯನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗಿ ನೋಡಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಹಾಗೆ ತೂಗುವುದು ಏಕೆ ಕಷ್ಟ, ಹಿಂದಿನವರು ತೂಗುವಾಗ ಎಲ್ಲೆಲ್ಲಿ ತಪ್ಪಿದರು, ಆ ತಪ್ಪುಗಳಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ದೀರ್ಘಕಾಲದ ನೋವಿಗೆ ಕೊಡುವ ಔಷಧಗಳ ದೃಷ್ಟಾಂತದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ವೈದ್ಯರ ವಿಷಯ, ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಚಿಕಿತ್ಸೆಯನ್ನು ವಿಧಿಸುವ ಅಧಿಕಾರ ಇತಿಹಾಸಕಾರನಿಗೆ ಇಲ್ಲವೆಂಬುದು ನಿಜ. ಆದರೆ ಒಂದು ಔಷಧವು ಹಿತವೆಂಬ ತೀರ್ಮಾನವು ಆಧಾರಗಳ ಮೇಲೆ ನಿಂತಿರುತ್ತದೆ. ಆ ಆಧಾರವನ್ನು ಬರೆದವರು ಯಾರು, ಯಾವ ಸಂದರ್ಭದಲ್ಲಿ ಬರೆದರು, ಅದು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂದು ಕೇಳುವುದು ಇತಿಹಾಸಕಾರನ ನಿತ್ಯದ ಕೆಲಸ. ಶಾಸನವನ್ನು ಓದುವ ಈ ಕ್ರಮವನ್ನೇ ಔಷಧದ ದಾಖಲೆಗೂ ಅನ್ವಯಿಸಬಹುದು.

೧. ನೋವಿನ ಎರಡು ಬಗೆಗಳು

ಕೈ ಸುಟ್ಟಾಗ, ಮೂಳೆ ಮುರಿದಾಗ ಆಗುವ ನೋವು ಎಚ್ಚರಿಕೆಯ ಗಂಟೆಯಂತೆ. ಗಾಯ ಮಾಗಿದೊಡನೆ ಅದು ಅಡಗುತ್ತದೆ. ಮೂರು ತಿಂಗಳಿಗೆ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಮೊಣಕಾಲಿನ ಸಂಧಿವಾತ, ಸೊಂಟನೋವು, ಮಧುಮೇಹದಿಂದ ನರಗಳು ಕೆಟ್ಟು ಪಾದಗಳಲ್ಲಿ ಆಗುವ ಉರಿ, ಅರ್ಬುದರೋಗದ ವೇದನೆ ಇವೆಲ್ಲವೂ ಆ ಹೆಸರಿನೊಳಗೆ ಬರುತ್ತವೆ. ಇವುಗಳ ಮೂಲ ಒಂದೇ ಅಲ್ಲ; ಆದುದರಿಂದ ಎಲ್ಲಕ್ಕೂ ಒಂದೇ ಮದ್ದು ಸಲ್ಲದು.

ಎರಡು ಬಗೆಗಳ ಭೇದವು ತೂಕದ ಪ್ರಶ್ನೆಗೆ ಅತ್ಯಂತ ಮುಖ್ಯವಾದುದು. ಶಸ್ತ್ರಚಿಕಿತ್ಸೆಯಾದ ರೋಗಿಯು ಮೂರು ದಿನ ಮಾತ್ರೆ ನುಂಗುತ್ತಾನೆ. ಮೊಣಕಾಲು ನೋವಿನ ವೃದ್ಧೆಯು ಹತ್ತು ವರ್ಷ ನುಂಗುತ್ತಾಳೆ. ಲಾಭವು ಇಬ್ಬರಿಗೂ ಒಂದು ಗಂಟೆಯೊಳಗೆ ತಿಳಿಯುತ್ತದೆ. ಹಾನಿಯು ಮೊದಲನೆಯವನಿಗೆ ಬಹುಶಃ ಆಗುವುದೇ ಇಲ್ಲ. ಎರಡನೆಯವಳಿಗೆ ಅದು ವರ್ಷಗಳ ಮೇಲೆ, ನೋವಿದ್ದ ಮೊಣಕಾಲಿನಲ್ಲಿ ಅಲ್ಲದೆ ಜಠರದಲ್ಲಿಯೋ ಮೂತ್ರಪಿಂಡದಲ್ಲಿಯೋ ಹೃದಯದಲ್ಲಿಯೋ ಕಾಣಿಸಿಕೊಳ್ಳಬಹುದು. ಲಾಭವು ಕೂಡಲೆ ಕಾಣುವುದು, ಹಾನಿಯು ತಡವಾಗಿ, ಬೇರೆಡೆಯಲ್ಲಿ, ಬೇರೆ ರೋಗದ ವೇಷದಲ್ಲಿ ಬರುವುದು: ಮುಂದೆ ನಿರೂಪಿಸುವ ಚರಿತ್ರೆಯ ಬಹುಭಾಗವು ಇದರಿಂದಲೇ ಉಂಟಾದುದು.

೨. ಅಫೀಮಿನಿಂದ ಮಾರ್ಫೀನಿಗೆ

ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆಯ ಗಿಡದ ಎಳೆಗಾಯಿಯನ್ನು ಗೀರಿದಾಗ ಸ್ರವಿಸುವ ಹಾಲೇ ಒಣಗಿ ಅಫೀಮಾಗುತ್ತದೆ. ಅದು ನೋವನ್ನು ತಗ್ಗಿಸುವುದೆಂಬ ಅರಿವು ಬಹು ಪ್ರಾಚೀನವಾದುದು. ನಮ್ಮ ಮಧ್ಯಯುಗದ ಆಯುರ್ವೇದ ಗ್ರಂಥಗಳಲ್ಲಿಯೂ ಅಹಿಫೇನವೆಂಬ ಹೆಸರಿನಿಂದ ಅದರ ಉಲ್ಲೇಖವಿದೆ. ಒಂದು ಉಂಡೆಯಲ್ಲಿ ಸತ್ತ್ವವೆಷ್ಟಿದೆಯೆಂದು ತಿಳಿಯುವ ಉಪಾಯವಿಲ್ಲದಿದ್ದುದು ಅಂದಿನ ವೈದ್ಯರ ದೊಡ್ಡ ತೊಡಕಾಗಿತ್ತು. ಜರ್ಮನಿಯ ಔಷಧ ತಯಾರಕ ಫ್ರೀಡ್ರಿಷ್ ಸರ್ಟ್ಯೂರ್ನರನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಸತ್ತ್ವವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದನ್ನು ಕರೆದನು. ೧೮೧೭ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ತನ್ನ ಮೇಲೂ ಮೂವರು ತರುಣರ ಮೇಲೂ ನಡೆಸಿದ ಪ್ರಯೋಗದ ವಿವರಣೆಯಿದೆ. ನಾಲ್ವರೂ ವಿಷಪ್ರಾಶನದ ಲಕ್ಷಣಗಳಿಂದ ನರಳಿದರು. ಮಾರ್ಫೀನಿನ ಮೊದಲ ಮುಖ್ಯ ದಾಖಲೆಯೇ ಅದರ ಅಡ್ಡ ಪರಿಣಾಮಗಳ ದಾಖಲೆಯೂ ಆಗಿದೆಯೆಂಬುದು ಗಮನಾರ್ಹ.

೧೮೫೩ರಲ್ಲಿ ಎಡಿನ್‌ಬರೋ ನಗರದ ವೈದ್ಯ ಅಲೆಕ್ಸಾಂಡರ್ ವುಡ್ ಸೂಜಿಯ ಮೂಲಕ ಮಾರ್ಫೀನನ್ನು ಚರ್ಮದ ಕೆಳಗೆ ಸೇರಿಸಿ ನರಗಳ ನೋವಿಗೆ ಚಿಕಿತ್ಸೆ ಮಾಡಿದನು. ನುಂಗಿದ ಅಫೀಮಿಗೆ ಹಸಿವು ಹುಟ್ಟುವಂತೆ ಚುಚ್ಚಿದ ಮಾರ್ಫೀನಿಗೆ ಹಸಿವು ಹುಟ್ಟುವುದಿಲ್ಲವೆಂಬ ನಂಬಿಕೆ ಕೆಲವರಲ್ಲಿ ಹಬ್ಬಿತು. ೧೮೭೦ರಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ ಎಂಬ ವೈದ್ಯನು, ತನ್ನ ಹಳೆಯ ರೋಗಿಗಳು ಸೂಜಿಯನ್ನು ಬಿಡಲಾರದೆ ಇರುವುದನ್ನು ಕಂಡು ಎಚ್ಚರಿಕೆಯನ್ನು ಬರೆದನು. ೧೮೯೮ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆಯು ಮಾರ್ಫೀನನ್ನು ರಾಸಾಯನಿಕವಾಗಿ ಮಾರ್ಪಡಿಸಿ ಹೆರಾಯಿನ್ ಎಂಬ ಹೆಸರಿನಲ್ಲಿ ಮುಖ್ಯವಾಗಿ ಕೆಮ್ಮಿನ ಮದ್ದಾಗಿ ಮಾರಾಟಕ್ಕೆ ತಂದಿತು. ಅದರ ಕಥೆ ಎಲ್ಲರಿಗೂ ತಿಳಿದದ್ದೇ. ಹಳೆಯ ವಸ್ತುವು ಹೊಸ ದಾರಿಯಲ್ಲಿ ಅಥವಾ ಹೊಸ ರೂಪದಲ್ಲಿ ಬಂದಾಗ, ಹಳೆಯ ದೋಷವು ಕಳೆಯಿತೆಂಬ ಆಶೆಯೂ ಅದರ ಜೊತೆಯಲ್ಲಿಯೇ ಬರುತ್ತದೆ. ಈ ಆಶೆಯನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಾವು ಮತ್ತೆ ಕಾಣುತ್ತೇವೆ.

೩. ಆಸ್ಪಿರಿನ್ ಮತ್ತು ಅದರ ಸಂತತಿ

ಎರಡನೆಯ ವರ್ಗದ ಔಷಧಗಳಿಗೆ ಆಸ್ಪಿರಿನ್ ಮೂಲಪುರುಷ. ೧೮೯೯ರಲ್ಲಿ ಮಾರುಕಟ್ಟೆಗೆ ಬಂದ ಈ ಮಾತ್ರೆಯು ಚಟವನ್ನು ಹುಟ್ಟಿಸುವುದಿಲ್ಲ. ಆದುದರಿಂದ ಅದು ನಿರಪಾಯಕರವೆಂದು ಜನರು ಭಾವಿಸಿದರು. ೧೯೩೮ರಲ್ಲಿ ಲಂಡನ್ನಿನ ಇಬ್ಬರು ವೈದ್ಯರು ಜಠರದೊಳಕ್ಕೆ ನಳಿಕೆಯನ್ನು ಇಳಿಸಿ ನೋಡಿದಾಗ, ಆಸ್ಪಿರಿನ್ ಕಣಗಳು ತಗಲಿದ ಕಡೆ ಒಳಪೊರೆ ಕೆಂಪಾಗಿರುವುದು ಕಂಡುಬಂದಿತು. ನಲವತ್ತು ವರ್ಷ ಬಳಕೆಯಲ್ಲಿದ್ದ ಔಷಧದ ದೋಷವು ಒಂದು ಹೊಸ ಉಪಕರಣದಿಂದ ಪ್ರತ್ಯಕ್ಷವಾಯಿತು.

ಕಾರಣವು ತಿಳಿದುಬಂದದ್ದು ೧೯೭೧ರಲ್ಲಿ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ತಡೆಯುತ್ತವೆಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿದನು. ಈ ಸಂಶೋಧನೆಗೆ ೧೯೮೨ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಈ ವಸ್ತುಗಳು ಬಾವನ್ನೂ ನೋವನ್ನೂ ಹೆಚ್ಚಿಸುತ್ತವೆ; ಅವೇ ಜಠರದ ಒಳಪೊರೆಯನ್ನು ರಕ್ಷಿಸುತ್ತವೆ, ಮೂತ್ರಪಿಂಡಕ್ಕೆ ರಕ್ತವು ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ಹಿತವನ್ನು ಮಾಡುವ ಕೈಯೇ ಅಹಿತವನ್ನೂ ಮಾಡುತ್ತದೆಂಬುದು ಇಲ್ಲಿ ಅಕ್ಷರಶಃ ಸತ್ಯ. ಐಬುಪ್ರೊಫೇನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದ ಮಾತ್ರೆಗಳೆಲ್ಲವೂ ಈ ಬಳಗದವೇ.

ಬಾವಿಗೆ ಸಂಬಂಧಿಸಿದ ಕಿಣ್ವವನ್ನು ಮಾತ್ರ ತಡೆದು, ಜಠರವನ್ನು ಕಾಯುವ ಕಿಣ್ವವನ್ನು ಬಿಟ್ಟುಬಿಡುವ ಔಷಧವು ಸಿಕ್ಕರೆ ಸಮಸ್ಯೆಯು ಪರಿಹಾರವಾದಂತೆಯೇ ಎಂದು ವಿಜ್ಞಾನಿಗಳು ತರ್ಕಿಸಿದರು. ಈ ತರ್ಕದ ಫಲವಾಗಿ ೧೯೯೯ರಲ್ಲಿ ರೋಫೆಕಾಕ್ಸಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ೨೦೦೦ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೮,೦೭೬ ಮಂದಿ ಸಂಧಿವಾತದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಔಷಧವನ್ನೂ ಇನ್ನೊಂದಕ್ಕೆ ನ್ಯಾಪ್ರೊಕ್ಸೆನನ್ನೂ ಕೊಡಲಾಯಿತು. ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದ ಲೆಕ್ಕದಲ್ಲಿ, ಹುಣ್ಣು, ರಕ್ತಸ್ರಾವ ಮುಂತಾದ ಜಠರದ ತೊಂದರೆಗಳು ನ್ಯಾಪ್ರೊಕ್ಸೆನಿನಿಂದ ೪.೫, ಹೊಸದರಿಂದ ೨.೧. ಲಾಭವು ನಿಜವಾದುದೇ. ಆದರೆ ಅದೇ ವರದಿಯಲ್ಲಿ ಹೃದಯಾಘಾತವು ನ್ಯಾಪ್ರೊಕ್ಸೆನಿನ ಗುಂಪಿನಲ್ಲಿ ಶೇಕಡಾ ೦.೧, ಹೊಸದರಲ್ಲಿ ಶೇಕಡಾ ೦.೪ ಎಂದಿತ್ತು. ಹೊಸದು ಹೃದಯಕ್ಕೆ ಕೆಡುಕು ಮಾಡಿತೆನ್ನುವುದಕ್ಕಿಂತ ಹಳೆಯದು ಹೃದಯವನ್ನು ಕಾಪಾಡಿತೆನ್ನುವುದೇ ಯುಕ್ತವೆಂದು ಆಗ ವ್ಯಾಖ್ಯಾನ ಮಾಡಲಾಯಿತು.

ಈ ವ್ಯಾಖ್ಯಾನವನ್ನು ಅಳಿಸಿದ ಪರೀಕ್ಷೆಯು ನೋವಿಗೆ ಸಂಬಂಧಿಸಿದ್ದೇ ಅಲ್ಲ. ದೊಡ್ಡಕರುಳಿನ ಗಂಟುಗಳು ಮರುಕಳಿಸದಂತೆ ರೋಫೆಕಾಕ್ಸಿಬ್ ತಡೆಯಬಲ್ಲದೆ ಎಂದು ತಿಳಿಯಲು ೨,೫೮೬ ಮಂದಿಯ ಮೇಲೆ ಅದು ನಡೆಯುತ್ತಿತ್ತು. ಇಲ್ಲಿ ಹೋಲಿಕೆಗೆ ಇದ್ದದ್ದು ಔಷಧವಿಲ್ಲದ ಹುಸಿಮಾತ್ರೆ. ಹುಸಿಮಾತ್ರೆಯು ಹೃದಯವನ್ನು ಕಾಪಾಡಿತೆಂದು ಯಾರೂ ಹೇಳಲಾರರು. ನೂರು ಮಂದಿಗೆ ಒಂದು ವರ್ಷದಲ್ಲಿ, ರಕ್ತ ಹೆಪ್ಪುಗಟ್ಟುವುದರಿಂದಾದ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಘಟನೆಗಳು ಹುಸಿಮಾತ್ರೆಯವರಲ್ಲಿ ೦.೭೮, ಔಷಧದವರಲ್ಲಿ ೧.೫೦. ೨೦೦೪ರ ಸೆಪ್ಟೆಂಬರ್ ೩೦ರಂದು ತಯಾರಕರು ಔಷಧವನ್ನು ಪ್ರಪಂಚದಾದ್ಯಂತ ಹಿಂತೆಗೆದುಕೊಂಡರು. ಅದೇ ಡಿಸೆಂಬರಿನಲ್ಲಿ ಭಾರತವೂ ನಿಷೇಧಿಸಿತು.

ಈ ಸಂಖ್ಯೆಗಳನ್ನು ಓದುವ ಬಗೆಯನ್ನು ವಿದ್ಯಾರ್ಥಿಗಳು ಅಭ್ಯಾಸಮಾಡಿಕೊಳ್ಳಬೇಕು. ಅಪಾಯವು ಹೆಚ್ಚುಕಡಮೆ ಎರಡರಷ್ಟಾಯಿತು ಎಂದರೆ ಕೇಳುವವನು ಬೆಚ್ಚಿಬೀಳುತ್ತಾನೆ. ಸುಮಾರು ೧೪೦ ಮಂದಿ ಒಂದು ವರ್ಷ ಸೇವಿಸಿದರೆ ಒಬ್ಬನಿಗೆ ಹೆಚ್ಚಾಗಿ ಆಪತ್ತು ಬರುತ್ತದೆ ಎಂದರೆ ಸಮಾಧಾನಪಟ್ಟುಕೊಳ್ಳುತ್ತಾನೆ. ಎರಡೂ ಒಂದೇ ಸಂಗತಿ. ಆ ೧೪೦ ಮಂದಿಯಲ್ಲಿ ಯಾವ ಒಬ್ಬನಿಗೂ, ಅವನ ವೈದ್ಯನಿಗೂ, ಹೃದಯಾಘಾತವು ಮಾತ್ರೆಯಿಂದ ಬಂತೇ ವಯಸ್ಸಿನಿಂದ ಬಂತೇ ಎಂಬುದು ತಿಳಿಯುವ ಹಾಗಿಲ್ಲ. ಸ್ವಾನುಭವವು ಲಾಭಕ್ಕೆ ಸಾಕ್ಷಿಯಾಗಬಲ್ಲದು. ವಿರಳವಾದ ಹಾನಿಗೆ ಸಾಕ್ಷಿಯಾಗಲಾರದು. ಬಹುಜನರ ಲೆಕ್ಕವನ್ನು ಕಲೆಹಾಕಿದಾಗಲೇ ಅದು ಗೋಚರವಾಗುತ್ತದೆ.

೪. ಐದು ವಾಕ್ಯಗಳ ಒಂದು ಪತ್ರ

ಮಾರ್ಫೀನ್ ವರ್ಗದ ಚರಿತ್ರೆಗೆ ಹಿಂದಿರುಗೋಣ. ೧೯೮೦ರ ಜನವರಿಯಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಕಿರು ಪತ್ರವನ್ನು ಪ್ರಕಟಿಸಿತು. ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಈ ವರ್ಗದ ಔಷಧವನ್ನು ಒಂದು ಸಲವಾದರೂ ಪಡೆದ ೧೧,೮೮೨ ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದಿದ್ದು ಹೊಸದಾಗಿ ವ್ಯಸನಕ್ಕೆ ಒಳಗಾದವರೆಂದು ಸಮರ್ಪಕವಾಗಿ ದಾಖಲಾದವರು ನಾಲ್ವರು ಮಾತ್ರ ಎಂಬುದು ಐದು ವಾಕ್ಯಗಳ ಆ ಪತ್ರದ ಸಾರಾಂಶ.

ಇತಿಹಾಸದ ವಿದ್ಯಾರ್ಥಿಯು ಇದನ್ನು ಮೂಲ ದಾಖಲೆಯೆಂದು ಭಾವಿಸಿ ಪರೀಕ್ಷಿಸಲಿ. ರೋಗಿಗಳು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿದ್ದವರು. ಎಷ್ಟು ದಿನ ಸೇವಿಸಿದರೆಂಬುದು ಪತ್ರದಲ್ಲಿಲ್ಲ. ಮನೆಗೆ ಹೋದ ಮೇಲೆ ಏನಾಯಿತೆಂಬುದೂ ಇಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಸೇವಿಸುವ ಸೊಂಟನೋವಿನ ರೋಗಿಯ ವಿಷಯದಲ್ಲಿ ಈ ಪತ್ರವು ಏನನ್ನೂ ಹೇಳುವುದಿಲ್ಲ. ಹೀಗಿದ್ದರೂ ಅದನ್ನು ಆ ರೋಗಿಗೇ ಅನ್ವಯಿಸಲಾಯಿತು. ೨೦೧೭ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಆ ಪತ್ರವನ್ನು ಉಲ್ಲೇಖಿಸಿದ ಬರಹಗಳು ೬೦೮; ಅವುಗಳಲ್ಲಿ ೪೩೯ ಬರಹಗಳು ವ್ಯಸನವು ವಿರಳವೆಂಬುದಕ್ಕೆ ಅದನ್ನು ಆಧಾರವಾಗಿ ಕೊಟ್ಟಿದ್ದವು; ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬುದನ್ನು ಶೇಕಡಾ ೮೦ಕ್ಕೂ ಹೆಚ್ಚು ಬರಹಗಳು ಹೇಳಿಯೇ ಇರಲಿಲ್ಲ. ಮೂಲವನ್ನು ನೋಡದೆ ಒಬ್ಬರ ಉಲ್ಲೇಖವನ್ನು ಮತ್ತೊಬ್ಬರು ಎತ್ತಿಕೊಳ್ಳುವ ರೂಢಿಯು ನಮ್ಮ ಶಾಸ್ತ್ರದಲ್ಲಿ ರಾಜವಂಶಾವಳಿಗಳನ್ನು ಕೆಡಿಸುತ್ತದೆ. ಇಲ್ಲಿ ಅದು ಜೀವಗಳಿಗೇ ಕುತ್ತಾಯಿತು.

೧೯೯೬ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆಯು ಅಮೆರಿಕದ ಮಾರುಕಟ್ಟೆಗೆ ಬಂದಿತು. ಸತ್ತ್ವವು ನಿಧಾನವಾಗಿ ಬಿಡುಗಡೆಯಾಗುವುದರಿಂದ ದುರುಪಯೋಗದ ಸಂಭವ ಕಡಮೆಯೆಂಬ ನಂಬಿಕೆಯು ಅದರ ವಿವರಣ ಪತ್ರದಲ್ಲಿಯೇ ಅಚ್ಚಾಗಿತ್ತು. ಸೂಜಿಯ ಕಾಲದ ಹಳೆಯ ಆಶೆಯನ್ನು ವಾಚಕರು ಇಲ್ಲಿ ಗುರುತಿಸದೆ ಇರಲಾರರು. ತಪ್ಪು ಹೇಳಿಕೆಗಳಿಂದ ಔಷಧವನ್ನು ಮಾರಿದ ಅಪರಾಧವನ್ನು ೨೦೦೭ರಲ್ಲಿ ತಯಾರಕರು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ವ್ಯಸನವು ಹಬ್ಬಿ, ಮುಂದೆ ಅಕ್ರಮ ಮಾದಕ ವಸ್ತುಗಳಿಗೂ ತಿರುಗಿತ್ತು. ೨೦೨೧ರಲ್ಲಿ ಆ ದೇಶದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು.

ಇಷ್ಟು ಬೆಲೆ ತೆತ್ತು ಪಡೆದ ಲಾಭವಾದರೂ ಎಷ್ಟು? ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೀರ್ಘಕಾಲದ ಸೊಂಟನೋವು, ಮೊಣಕಾಲು ಅಥವಾ ಸೊಂಟದ ಕೀಲುಗಳ ಸವೆತದಿಂದ ನರಳುತ್ತಿದ್ದ ೨೪೦ ಮಂದಿಗೆ ಹನ್ನೆರಡು ತಿಂಗಳ ಕಾಲ ಮಾರ್ಫೀನ್ ವರ್ಗದ ಔಷಧಗಳನ್ನಾಗಲಿ ಇತರ ಔಷಧಗಳನ್ನಾಗಲಿ ಕೊಡಲಾಯಿತು. ದೈನಂದಿನ ಚಟುವಟಿಕೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಂಡುಬರಲಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಮಾನದಲ್ಲಿ ನೋವು ಮಾರ್ಫೀನ್ ವರ್ಗದವರಿಗೆ ೪.೦, ಇತರರಿಗೆ ೩.೫ ಉಳಿಯಿತು. ಅಡ್ಡ ಪರಿಣಾಮಗಳು ಮೊದಲನೆಯ ಗುಂಪಿನಲ್ಲಿಯೇ ಹೆಚ್ಚು. ಒಂದು ದಿನದ ತೀವ್ರ ನೋವಿನಲ್ಲಿ ಬಲಶಾಲಿಯಾದ ಔಷಧವು ಒಂದು ವರ್ಷದ ಸೊಂಟನೋವಿನಲ್ಲಿಯೂ ಬಲಶಾಲಿಯಾಗಿರಲೇಬೇಕೆಂಬ ಊಹೆಯು ಹೀಗೆ ಆಧಾರವಿಲ್ಲದ್ದಾಯಿತು.

ಅನರ್ಥವನ್ನು ಕಂಡ ಮೇಲೆ ಬಂದ ಪ್ರತಿಕ್ರಿಯೆಯೂ ನಿರ್ದುಷ್ಟವಾಗಿರಲಿಲ್ಲ. ೨೦೧೬ರ ಅಮೆರಿಕದ ಮಾರ್ಗಸೂಚಿಯನ್ನು ಕೆಲವೆಡೆ ಕಟ್ಟಳೆಯಂತೆ ಭಾವಿಸಿ, ವರ್ಷಗಟ್ಟಲೆ ಔಷಧಕ್ಕೆ ಒಗ್ಗಿದ್ದ ರೋಗಿಗಳಿಗೆ ಒಮ್ಮೆಗೇ ಅದನ್ನು ನಿಲ್ಲಿಸಲಾಯಿತು. ಇದರಿಂದ ತೀವ್ರ ಯಾತನೆಯೂ ಆತ್ಮಹತ್ಯೆಯೂ ಸಂಭವಿಸುವುದೆಂದು ೨೦೧೯ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಸಬೇಕಾಯಿತು; ೨೦೨೨ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಲಾಯಿತು.

೫. ನಮ್ಮ ದೇಶದ ಅನುಭವ

ಭಾರತದಲ್ಲಿ ತಕ್ಕಡಿಯು ವಾಲಿದ್ದು ವಿರುದ್ಧ ದಿಕ್ಕಿಗೆ. ಔಷಧೋಪಯೋಗಕ್ಕಾಗಿ ಸರಕಾರದ ಪರವಾನಗಿಯಿಂದ ಅಫೀಮನ್ನು ಬೆಳೆದು ಹೊರದೇಶಗಳಿಗೂ ಕಳುಹಿಸುತ್ತ ಬಂದ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಈ ಬೆಳೆಯಿದೆ. ಆದರೆ ೧೯೮೫ರ ಮಾದಕ ದ್ರವ್ಯಗಳ ಕಾಯಿದೆಯು ಕನಿಷ್ಠ ಹತ್ತು ವರ್ಷಗಳ ಸೆರೆವಾಸವನ್ನೊಳಗೊಂಡ ಕಠಿಣ ಶಿಕ್ಷೆಗಳನ್ನು ವಿಧಿಸಿತು. ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಪರವಾನಗಿಗಳು ಬೇಕಾದುವು. ಔಷಧದಂಗಡಿಗಳೂ ಆಸ್ಪತ್ರೆಗಳೂ ಮಾರ್ಫೀನನ್ನು ಇಡುವುದನ್ನೇ ಬಿಟ್ಟುವು. ದೇಶದ ಒಟ್ಟು ವೈದ್ಯಕೀಯ ಬಳಕೆಯು ಶೇಕಡಾ ೯೭ರಷ್ಟು ಕುಸಿದು ೧೯೯೭ರಲ್ಲಿ ಕೇವಲ ೧೮ ಕಿಲೋಗ್ರಾಂಗೆ ಇಳಿಯಿತು. ಅರ್ಬುದರೋಗದ ಕೊನೆಯ ಘಟ್ಟದಲ್ಲಿದ್ದ ಅಸಂಖ್ಯಾತ ಜನರು, ಉಪಶಮನ ಸಾಧ್ಯವಿದ್ದ ನೋವಿನಲ್ಲಿಯೇ ಪ್ರಾಣ ಬಿಟ್ಟರು. ಮಾರ್ಫೀನ್ ತಪ್ಪು ಕೈ ಸೇರಿದರೆ ಆಗುವ ಹಾನಿಯು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅದು ದೊರೆಯದೆ ನರಳಿದವನ ಹಾನಿಯು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಈ ಭೀತಿಗೆ ಉತ್ತರವು ನೆರೆಯ ಕೇರಳದಿಂದ ಬಂದಿತು. ೧೯೯೩ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ, ಡಾಕ್ಟರ್ ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಮತ್ತು ಉಪಶಾಮಕ ಚಿಕಿತ್ಸೆಯ ಸಂಘವನ್ನು ಸ್ಥಾಪಿಸಿದರು. ಎರಡು ವರ್ಷಗಳಲ್ಲಿ ೧,೭೨೩ ರೋಗಿಗಳು ಮನೆಯಲ್ಲಿಯೇ ಮಾರ್ಫೀನ್ ಸೇವಿಸಿದರೂ ಅದು ಅನ್ಯರ ಪಾಲಾದ ಒಂದು ಪ್ರಸಂಗವೂ ಕಂಡುಬರಲಿಲ್ಲವೆಂದು ಅವರು ೨೦೦೧ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನಲ್ಲಿ ೧೯೯೯ರಿಂದ ಕರುಣಾಶ್ರಯವು ಗುಣವಾಗದ ಅರ್ಬುದರೋಗಿಗಳಿಗೆ ಇಂಥ ಆರೈಕೆಯನ್ನು ನಡಸಿಕೊಂಡು ಬಂದಿದೆ. ೨೦೧೪ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಅತ್ಯಗತ್ಯ ಮಾದಕ ಔಷಧಗಳಿಗೆ ದೇಶಕ್ಕೆಲ್ಲ ಏಕರೂಪದ ನಿಯಮಗಳಿಗೆ ಅವಕಾಶ ಮಾಡಿಕೊಟ್ಟಿತು. ಮತ್ತೊಂದು ಕಡೆ, ದುರುಪಯೋಗ ಹೆಚ್ಚಿದ ಟ್ರಾಮಡಾಲ್ ಮಾತ್ರೆಯನ್ನು ೨೦೧೮ರಲ್ಲಿ ಅದೇ ಕಾಯಿದೆಯ ಹತೋಟಿಗೆ ತರಲಾಯಿತು. ಒಂದು ಬಾಗಿಲನ್ನು ತೆರೆಯುವುದೂ ಇನ್ನೊಂದನ್ನು ಬಿಗಿಮಾಡುವುದೂ ಪರಸ್ಪರ ವಿರುದ್ಧವಲ್ಲ. ಯಾರಿಗೆ, ಯಾವ ನೋವಿಗೆ ಎಂಬ ವಿವೇಚನೆಯು ಎರಡಕ್ಕೂ ಸಮಾನವಾದ ಆಧಾರ.

೬. ತೂಗುವ ಕ್ರಮ

ಈ ಸಮೀಕ್ಷೆಯಿಂದ ಕೆಲವು ಪ್ರಶ್ನೆಗಳು ರೂಪುಗೊಳ್ಳುತ್ತವೆ. ವೈದ್ಯರ ಮುಂದೆ ಕುಳಿತ ರೋಗಿಯಾಗಲಿ, ಮನೆಯ ಹಿರಿಯರ ಚಿಕಿತ್ಸೆಯ ಹೊಣೆ ಹೊತ್ತವರಾಗಲಿ ಇವನ್ನು ಕೇಳಬಹುದು.

ಮೊದಲನೆಯದು, ಇದು ಯಾವ ನೋವು? ರುಮಟಾಯ್ಡ್ ಸಂಧಿವಾತದಂಥ ರೋಗಗಳಲ್ಲಿ ರೋಗವನ್ನೇ ಹತೋಟಿಗೆ ತರುವ ಔಷಧಗಳಿವೆ. ನೋವಿನ ಮಾತ್ರೆಯೊಂದನ್ನೇ ನುಂಗುತ್ತಿದ್ದರೆ ಕೀಲು ಹಾಳಾಗುವುದು ನಿಲ್ಲುವುದಿಲ್ಲ. ನರದ ನೋವಿಗೆ ಬೇರೆಯ ಔಷಧಗಳು ಬೇಕು. ಅವೂ ಎಲ್ಲರಿಗೂ ಫಲಿಸುವುದಿಲ್ಲ. ೨೦೧೫ರ ಸಮೀಕ್ಷೆಯೊಂದರ ಪ್ರಕಾರ, ಪ್ರಿಗಾಬಲಿನ್ ಕೊಟ್ಟ ಸುಮಾರು ಎಂಟು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹುಸಿಮಾತ್ರೆಗಿಂತ ಮಿಗಿಲಾಗಿ ನೋವು ಅರ್ಧದಷ್ಟು ತಗ್ಗುತ್ತದೆ. ಫಲವಿಲ್ಲದವರು ತೂಕಡಿಕೆ, ತಲೆಸುತ್ತುಗಳನ್ನು ಸುಮ್ಮನೆ ಅನುಭವಿಸಬೇಕಾದುದಿಲ್ಲ.

ಎರಡನೆಯದು, ಸೇವಿಸುವವರು ಯಾರು? ಹಿಂದೆ ಹುಣ್ಣಾಗಿದ್ದವರು, ಮೂತ್ರಪಿಂಡ ಅಥವಾ ಹೃದಯದ ಬಾಧೆಯುಳ್ಳವರು, ರಕ್ತದ ಒತ್ತಡದ ಔಷಧವನ್ನು ತೆಗೆದುಕೊಳ್ಳುತ್ತಿರುವವರು, ವೃದ್ಧರು ಇವರಿಗೆ ಆಸ್ಪಿರಿನ್ ಬಳಗದ ಮಾತ್ರೆಗಳ ಅಪಾಯ ಹೆಚ್ಚು. ಅಂಗಡಿಯಲ್ಲಿ ಕೇಳಿ ತಂದ ಎರಡು ಹೆಸರಿನ ಮಾತ್ರೆಗಳಲ್ಲಿ ಒಂದೇ ವಸ್ತುವು ಇರಬಹುದು. ಪ್ಯಾರಾಸಿಟಮಾಲ್ ಮಿತಿಯಲ್ಲಿ ಸೌಮ್ಯವಾದುದೇ; ಮಿತಿ ಮೀರಿದರೆ ಯಕೃತ್ತನ್ನು ಕೆಡಿಸುತ್ತದೆ. ಅದು ಹಲವು ಜೋಡಿ ಮಾತ್ರೆಗಳಲ್ಲಿ ಸೇರಿರುವುದರಿಂದ ಲಕೋಟೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಆವಶ್ಯಕ.

ಮೂರನೆಯದು, ಲಾಭವನ್ನು ಅಳೆಯುವುದು ಯಾವುದರಿಂದ? ನೋವಿನ ಅಂಕಿಯೊಂದೇ ಸಾಲದು. ರಾತ್ರಿ ನಿದ್ರೆ ಬಂತೇ, ದೇವಸ್ಥಾನದ ಮೆಟ್ಟಿಲನ್ನು ಹತ್ತಲಾಯಿತೇ, ನೆಲದಿಂದ ಏಳಲಾಯಿತೇ ಎಂದು ಕೇಳಬೇಕು. ನಾಲ್ಕನೆಯದು, ಎಷ್ಟು ಕಾಲ, ಮತ್ತು ನಿಲ್ಲಿಸುವುದು ಹೇಗೆ? ಔಷಧವನ್ನು ಆರಂಭಿಸಿದ ದಿನವೇ ಪುನಃಪರಿಶೀಲನೆಯ ದಿನವನ್ನೂ ಗೊತ್ತುಮಾಡಿಕೊಳ್ಳಬೇಕು. ಮಾರ್ಫೀನ್ ವರ್ಗದವನ್ನೂ ನರದ ನೋವಿನ ಔಷಧಗಳನ್ನೂ ವೈದ್ಯರ ಸಲಹೆಯಿಂದ ಹಂತಹಂತವಾಗಿ ಇಳಿಸಬೇಕೇ ಹೊರತು ಒಮ್ಮೆಗೇ ಬಿಡಕೂಡದು. ಕೊನೆಯದು, ಔಷಧವನ್ನು ಕೊಡದಿದ್ದರೆ ಏನಾಗುತ್ತದೆ? ಕೆಲವು ನೋವುಗಳು ವ್ಯಾಯಾಮದಿಂದಲೂ ಅಂಗಸಾಧನೆಯ ಚಿಕಿತ್ಸೆಯಿಂದಲೂ ತಗ್ಗುತ್ತವೆ. ಕೆಲವಕ್ಕೆ ಔಷಧವಲ್ಲದೆ ಗತಿಯಿಲ್ಲ. ಅಲ್ಲಿ ಹಿಂಜರಿಯುವುದು ಎಚ್ಚರಿಕೆಯೆನಿಸಲಾರದು, ಅದು ಕ್ರೌರ್ಯಕ್ಕೆ ಸಮೀಪವಾದುದು.

ಅಮೆರಿಕದಲ್ಲಿ ಆಸ್ಪತ್ರೆಯ ರೋಗಿಯ ಲೆಕ್ಕವನ್ನು ಮನೆಯ ರೋಗಿಗೆ ಅನ್ವಯಿಸಿದರು. ನಮ್ಮಲ್ಲಿ ಬೀದಿಯ ವ್ಯಸನಿಯ ಭಯವನ್ನು ಹಾಸಿಗೆ ಹಿಡಿದವನ ಮೇಲೆ ಹೊರಿಸಿದರು. ಎರಡು ಕಡೆಯೂ ಒಬ್ಬನ ತೂಕವನ್ನು ಮತ್ತೊಬ್ಬನ ಹೆಸರಿನಲ್ಲಿ ಬರೆದದ್ದೇ ಅನರ್ಥಕ್ಕೆ ಕಾರಣವಾಯಿತು. ಮೂಲವನ್ನು ತಾನೇ ಓದುವುದು, ಅದು ಯಾರನ್ನು ಕುರಿತು ಹೇಳುತ್ತದೆಂದು ಕೇಳುವುದು, ಹೇಳದೆ ಬಿಟ್ಟದ್ದನ್ನು ಗುರುತಿಸುವುದು ಇವು ನಾವು ತರಗತಿಗಳಲ್ಲಿ ಪ್ರತಿದಿನ ಬೋಧಿಸುವ ಪಾಠಗಳೇ ಆಗಿವೆ. ಔಷಧದ ಚೀಟಿಯನ್ನು ಕೈಯಲ್ಲಿ ಹಿಡಿದಾಗಲೂ ನಮ್ಮ ವಿದ್ಯಾರ್ಥಿಗಳಿಗೆ ಅವು ನೆನಪಿಗೆ ಬಂದರೆ ಆ ಬೋಧನೆಯು ಸಾರ್ಥಕವೆನ್ನಬಹುದು.